ಕೊಂಕುಮೀಮಾಂಸೆ

ಶಾಸ್ತ್ರಗ್ರಂಥ ಬರೆಯಲು ಕೂತವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಹೇಳುತ್ತೇನೆ. ವಿಷಯ: ಇನ್ನೊಬ್ಬರನ್ನು ಕುರಿತು, ಅವರಿಗೆ ಕೇಳಿಸಲೆಂದೋ, ಕೇಳಿಸಬಾರದೆಂದೋ, ಕೇಳಿಸಬಾರದೆಂಬಂತೆ ನಟಿಸುತ್ತ ಕೇಳಿಸಲೆಂದೋ ಆಡುವ ಮಾತು. ಪ್ರಯೋಜನ: ಆಡಿದವರ ಹೊಟ್ಟೆ ಹಗುರಾಗುವುದು. ಸಂಬಂಧ: ಹೆಚ್ಚಾಗಿ ಬೀಗರದು. ಅಧಿಕಾರಿ ಎಂದರೆ ಈ ಶಾಸ್ತ್ರ ಓದಲು ಅರ್ಹನಾದವನು. ಕಚೇರಿಯ ಅಧಿಕಾರಿಯೂ ಓದಬಹುದು, ಅಡ್ಡಿಯಿಲ್ಲ. ನಮ್ಮಲ್ಲಿ ಅರ್ಹತೆ ಇಲ್ಲದವರು ಯಾರೂ ಇಲ್ಲ. ತೊಟ್ಟಿಲ ಶಾಸ್ತ್ರದ ದಿನವೇ "ಮೂಗು ತಾಯಿ ಕಡೇದು ಬಂದ್ಬಿಟ್ಟಿದೆ, ಪಾಪ" ಎಂಬ ಮಂತ್ರ ಕಿವಿಗೆ ಬಿದ್ದು ಎಲ್ಲರಿಗೂ ಉಪದೇಶವಾಗಿರುತ್ತದೆ.

ಈ ಕ್ಷೇತ್ರದಲ್ಲಿ ಹಿಂದೆ ಕೆಲಸವೇ ಆಗಿಲ್ಲವೆಂದು ಹೇಳುವಷ್ಟು ಉದ್ಧಟ ನಾನಲ್ಲ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಸುಮಾರು 70,000 ಶಬ್ದಗಳನ್ನು ಗುಡ್ಡೆ ಹಾಕಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಗಾದೆಗಳನ್ನೂ ಬಿಡಲಿಲ್ಲ. ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ತಂದಿತು. ಅದನ್ನು ಅಟ್ಟದಿಂದ ಇಳಿಸಲು ಇಬ್ಬರು ಬೇಕು. ಇಷ್ಟಾದರೂ ನಿಘಂಟಿನ ಕೈಯಲ್ಲಿ ಆಗದ ಕೆಲಸವೊಂದಿದೆ. ಕೊಂಕು ಎಂದರೆ ವಕ್ರತೆ, ಡೊಂಕು ಎಂದು ಬರೆದು ಅದು ಮುಂದಿನ ಶಬ್ದಕ್ಕೆ ಹೋಗಿಬಿಡುತ್ತದೆ. ಯಾರು, ಯಾರ ಎದುರಿಗೆ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೋ ಇಲ್ಲದೆಯೋ ಆಡಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ‘ಕೊರವಂಜಿ’ ಪತ್ರಿಕೆಯ ಬಳಗದ ನಾ. ಕಸ್ತೂರಿಯವರು ‘ಅನರ್ಥಕೋಶ’ ಬರೆದು ಈ ಕೊರತೆಯ ಒಂದು ಮೂಲೆ ತುಂಬಿದರು. ಮಿಕ್ಕ ಮೂರು ಮೂಲೆ ನನ್ನ ಪಾಲಿಗಿದೆ.

ಮೊದಲು ವ್ಯುತ್ಪತ್ತಿ. ಕೊಂಕು ಶಬ್ದ ಕೊಂಕಣದಿಂದ ಬಂದಿತೆಂಬುದು ನನ್ನ ಮತ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರೆಂಬ ಗಾದೆ ಉಂಟಲ್ಲ, ಕೊಂಕು ಬರುವುದೂ ಅದೇ ದಾರಿಯಲ್ಲಿ. ಬೈಯಬೇಕಾದದ್ದು ಸೊಸೆಯನ್ನು, ಮಾತು ಹೊರಟದ್ದು ಪಕ್ಕದ ಮನೆಯ ಬೆಕ್ಕಿನಿಂದ. ಈ ವ್ಯುತ್ಪತ್ತಿಗೆ ಭಾಷಾಶಾಸ್ತ್ರದಲ್ಲಿ ಎಳ್ಳಷ್ಟೂ ಆಧಾರವಿಲ್ಲ. ಆಧಾರ ಕೇಳುವವರಿಗೆ ನಮ್ಮ ಊರ ಕಡೆ ‘ಅಧಿಕಪ್ರಸಂಗಿ’ ಎನ್ನುತ್ತಾರೆ; ಅದೂ ಈ ಗ್ರಂಥದ ಒಂದು ಪಾರಿಭಾಷಿಕ ಪದವೇ.

ಇನ್ನು ಪೂರ್ವಪಕ್ಷ. ವಕ್ರವಾಗಿ ಮಾತಾಡುವುದನ್ನು ಕಾಶ್ಮೀರದವರು ಬಹಳ ಹಿಂದೆಯೇ ಶಾಸ್ತ್ರ ಮಾಡಿಟ್ಟರು. ರುದ್ರಟ ವಕ್ರೋಕ್ತಿಯನ್ನು ಎರಡು ಮಾಡಿದ: ಶ್ಲೇಷದಿಂದ ಆಗುವುದು ಒಂದು, ಕಾಕುವಿನಿಂದ ಆಗುವುದು ಇನ್ನೊಂದು. ಕಾಕು ಎಂದರೆ ದನಿಯ ಏರಿಳಿತ. ಕುಂತಕ ಬಂದು ಅಕ್ಷರದ ವಕ್ರತೆಯಿಂದ ಹಿಡಿದು ಇಡೀ ಪ್ರಬಂಧದ ವಕ್ರತೆಯವರೆಗೆ ಆರು ಬಗೆ ಎಣಿಸಿದ. 9ನೇ ಶತಮಾನದ ಆನಂದವರ್ಧನನಂತೂ ಆಡಿದ ಮಾತಿಗಿಂತ ಆಡದೆ ಹೊಳೆಯಿಸಿದ್ದೇ ಮೇಲು, ಅದಕ್ಕೆ ಧ್ವನಿ ಎಂದು ಹೆಸರು ಎಂದ. ಮೂವರೂ ದೊಡ್ಡವರು, ನಮಸ್ಕಾರ. ಆದರೆ ಮೂವರೂ ಉದಾಹರಣೆ ತಂದದ್ದು ಕಾವ್ಯದಿಂದ. ಹಾಸನದ ಕಡೆಯ ಛತ್ರದಲ್ಲಿ ಎರಡನೇ ಪಂಕ್ತಿಗೆ ಕೂತು ಯಾರೂ ಕ್ಷೇತ್ರಕಾರ್ಯ ಮಾಡಲಿಲ್ಲ. ನಾನು ಮಾಡಿದ್ದೇನೆ. ಸಂದರ್ಭ ಚಿಕ್ಕಪ್ಪನ ಮಗನ ಮದುವೆ. ನಾವು ಗಂಡಿನ ಕಡೆಯವರು. ವಕ್ತೃ ನನ್ನ ಸೋದರತ್ತೆ. ಧ್ವನಿ ಸಿದ್ಧಾಂತವನ್ನು ಓದಿದವರಲ್ಲ, ಬಡಿಸಿಕೊಂಡವರು.

13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮೊದಲು ಕಂದದಲ್ಲಿ ಸೂತ್ರ ಹೇಳಿ, ಆಮೇಲೆ ಗದ್ಯದಲ್ಲಿ ವೃತ್ತಿ, ಕೊನೆಗೆ ಪ್ರಯೋಗ ಕೊಡುತ್ತಾನೆ. ನನಗೆ ಕಂದ ಕಟ್ಟಲು ಬಾರದ್ದರಿಂದ ಪ್ರಯೋಗವನ್ನೇ ಮೊದಲು ಕೊಡುತ್ತೇನೆ.

ಪ್ರಯೋಗ. ಎಲೆಗೆ ಅನ್ನ ಬಿದ್ದಿದೆ. ಹೆಣ್ಣಿನ ಸೋದರಮಾವ ಹೆಗಲಿಗೆ ಟವೆಲು ಹಾಕಿಕೊಂಡು, ಹುಳಿಯ ಬಕೆಟ್ಟು ಹಿಡಿದು ತಾನೇ ಬಡಿಸುತ್ತ ಬಂದ. ಬೀಗರೆಂಬ ಮರ್ಯಾದೆಗೆ ಅತ್ತೆಯ ಎದುರು ಸೌಟು ತಡೆದು, "ಹೇಗಿದೆಯಮ್ಮಾ ಹುಳಿ?" ಎಂದ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ನುಂಗಿ, ನಿಧಾನವಾಗಿ ಹೇಳಿದರು:

"ಹುಳಿ ಭಾಳ ಚೆನ್ನಾಗಿದೆ. ನಮ್ಮ ಕಡೆ ತರಕಾರೀನೂ ಹಾಕ್ತೀವಿ."

ಸೋದರಮಾವ ಕ್ಷಣ ಹೊತ್ತು ಬಕೆಟ್ಟಿನೊಳಗೆ ನೋಡಿದ. ಆಮೇಲೆ ಅಷ್ಟೇ ಮೆತ್ತಗೆ, "ಹಾಕ್ತಿದ್ವಿ ತಾಯಿ, ನಿಮ್ಮ ಕಡೆಯಿಂದ ಎಷ್ಟು ಜನ ಬರ್ತೀರಿ ಅಂತ ಮೊದಲೇ ಗೊತ್ತಾಗಿದ್ದಿದ್ರೆ" ಎಂದು ಮುಂದಿನ ಎಲೆಗೆ ಹೋದ. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಚಿರೋಟಿ ಬಂದು ಹೋದದ್ದೂ ತಿಳಿಯಲಿಲ್ಲ. ಸಂಶೋಧನೆಗಾಗಿ ನಾನು ಮಾಡಿದ ತ್ಯಾಗಗಳಲ್ಲಿ ಇದು ಮೊದಲನೆಯದು.

ವೃತ್ತಿ. ಅತ್ತೆಯ ಮಾತನ್ನು ಪದಪದವಾಗಿ ಬಿಡಿಸಿ ನೋಡಿ. ಹುಳಿ, ಭಾಳ, ಚೆನ್ನಾಗಿದೆ: ಮೂರೂ ಒಳ್ಳೆಯ ಪದಗಳು. ನಮ್ಮ ಕಡೆ, ತರಕಾರಿ, ಹಾಕ್ತೀವಿ: ಇವೂ ಸಭ್ಯ ಪದಗಳು, ಪಾಠಪುಸ್ತಕದಲ್ಲಿ ಇಡಬಹುದು. ಹಾಗಾದರೆ ಕೊಂಕು ಎಲ್ಲಿದೆ? ಎರಡು ವಾಕ್ಯಗಳ ನಡುವಿನ ಪೂರ್ಣವಿರಾಮದಲ್ಲಿ ಅರ್ಧ ಇದೆ. ಉಳಿದರ್ಧ ‘ತರಕಾರೀನೂ’ ಎಂಬಲ್ಲಿ ಬಾಲದಂತೆ ಅಂಟಿರುವ ಊಕಾರದಲ್ಲಿದೆ. ಶಾಲೆಯ ವ್ಯಾಕರಣದಲ್ಲಿ ಅದು ಸಂಬಂಧಾರ್ಥಕಾವ್ಯಯ. ಆ ಮದುವೆಯ ಸಂಬಂಧ ಅವತ್ತು ಉಳಿದದ್ದೇ ಹೆಚ್ಚು.

ಸೂತ್ರ: ಬೈಗುಳ ಪದದಲ್ಲಿರುತ್ತದೆ, ಕೊಂಕು ಪ್ರತ್ಯಯದಲ್ಲಿರುತ್ತದೆ.

ಇದು ಸಣ್ಣ ಸಂಗತಿಯಲ್ಲ. ಪದದಲ್ಲಿದ್ದದ್ದನ್ನು ಹಿಡಿದು ಜಗಳಕ್ಕೆ ನಿಲ್ಲಬಹುದು, ಪಂಚಾಯ್ತಿಗೂ ಒಯ್ಯಬಹುದು. ಪ್ರತ್ಯಯದಲ್ಲಿದ್ದದ್ದನ್ನು ಹಿಡಿದರೆ ಎದುರಿನವರು ಕಣ್ಣರಳಿಸಿ "ನಾನೇನಂದೆ ಈಗ?" ಎಂದುಬಿಡುತ್ತಾರೆ. ಉಪನಿಷತ್ತುಗಳ ಮಹಾವಾಕ್ಯ ನಾಲ್ಕು. ಕೊಂಕುಶಾಸ್ತ್ರಕ್ಕೆ ಇದೊಂದೇ ಸಾಕು.

ಪ್ರತ್ಯಯದ ಮಹಿಮೆಯನ್ನು ಪ್ರಯೋಗಶಾಲೆಯ ಶುದ್ಧಿಯಲ್ಲಿ ತೋರಿಸಲು ಒಂದು ವಾಕ್ಯ ತೆಗೆದುಕೊಳ್ಳೋಣ: ‘ಸಾರು ಚೆನ್ನಾಗಿತ್ತು.’ ಇದು ಬರಿ ಮಾತು. ಇದರಿಂದ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಈಗ ‘ಸಾರೇ ಚೆನ್ನಾಗಿತ್ತು’ ಎನ್ನಿ: ಹುಳಿ ಕೆಟ್ಟಿತ್ತೆಂದು ಗೊತ್ತಾಯಿತು, ಹುಳಿಯ ಹೆಸರನ್ನು ಯಾರೂ ಎತ್ತಿಲ್ಲ. ‘ಸಾರಾದರೂ ಚೆನ್ನಾಗಿತ್ತು’: ಪಲ್ಯ, ಕೋಸಂಬರಿ, ಪಾಯಸ, ವಾಲಗದವರು, ಛತ್ರದ ನಲ್ಲಿ ಎಲ್ಲವೂ ಕೆಟ್ಟಿದ್ದವು. ‘ಸಾರೇನೋ ಚೆನ್ನಾಗಿತ್ತು’: ಇಲ್ಲಿ ವಾಕ್ಯ ಮುಗಿದಿಲ್ಲ. ಕೇಳಿದವರು ‘ಆದರೆ’ಗಾಗಿ ಕಾಯುತ್ತಾರೆ, ಆಡಿದವರು ಎದ್ದು ಕೈ ತೊಳೆಯಲು ಹೋಗಿರುತ್ತಾರೆ. ಕಾದವರಿಗೆ ಆ ರಾತ್ರಿ ನಿದ್ದೆಯಿಲ್ಲ. ‘ಸಾರು ಚೆನ್ನಾಗೇ ಇತ್ತು’: ಚೆನ್ನಾಗಿಲ್ಲವೆಂದು ಇನ್ಯಾರೋ ಅಂದಿದ್ದಾರೆ, ನಾನು ನಿಮ್ಮ ಪರ ನಿಂತಿದ್ದೇನೆ, ಆ ಇನ್ಯಾರು ಎಂದು ಕೇಳಿ. ಕೇಳಿದರೆ "ನಮಗ್ಯಾಕೆ ಬಿಡಿ ಅದೆಲ್ಲ". ‘ಸಾರು ಚೆನ್ನಾಗಿತ್ತಂತೆ’: ನಮ್ಮ ಪಂಕ್ತಿಗೆ ಬರುವಷ್ಟರಲ್ಲಿ ಮುಗಿದಿತ್ತು. ‘ಸಾರು ಚೆನ್ನಾಗಿತ್ತು ಬಿಡಿ’ ಎಂದರೆ ಕಡತ ಮುಚ್ಚಿದಂತೆ. ‘ಸಾರು ಚೆನ್ನಾಗಿತ್ತು, ಪಾಪ’ ಎಂದಾಗಲಂತೂ ಅಡುಗೆಭಟ್ಟ ತಪ್ಪೇ ಮಾಡದೆ ಅನುಕಂಪಕ್ಕೆ ಪಾತ್ರನಾಗಿಬಿಡುತ್ತಾನೆ. ಸಂಸ್ಕೃತದ ಪಾಪಕ್ಕೆ ನರಕ ಉಂಟು. ಕನ್ನಡದ ಪಾಪಕ್ಕೆ ಪ್ರಾಯಶ್ಚಿತ್ತವೂ ಇಲ್ಲ.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಏಕಾರಕ್ಕೆ ‘ಅವಧಾರಣಾರ್ಥಕ’ ಎಂದು ಹೆಸರಿಟ್ಟು ಕೈತೊಳೆದುಕೊಂಡ ನಮ್ಮ ಶಾಲಾ ವ್ಯಾಕರಣವನ್ನು ನೋಡಿದರೆ ನನಗೂ ಹೌದೆನಿಸುತ್ತದೆ. ‘ಬೀಗರೆದುರಾರ್ಥಕಾವ್ಯಯ’ ಎಂಬ ಹೊಸ ವರ್ಗವೊಂದನ್ನು ನಾನು ಸೂಚಿಸಿದ್ದೇನೆ. ಇದೇ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಒಬ್ಬ ಪ್ರಾಧ್ಯಾಪಕರ ಮುಂದೆ ಸಾರಲೇಖ ಇಟ್ಟಾಗ ಅವರು ಮೊದಲ ಹಾಳೆ ತಿರುವಿ, ಕನ್ನಡಕ ತೆಗೆದು, "ನೋಡೋಣ" ಎಂದರು. ‘ನೋಡೋಣ’ ಎಂಬುದು ರೂಪದಲ್ಲಿ ಉತ್ತಮಪುರುಷ ಬಹುವಚನ, ಅರ್ಥದಲ್ಲಿ ನಿಷೇಧ. ಅದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ಕೊಂಕಿನ ಸೋದರ ಪದಗಳ ವಂಶಾವಳಿ ದೊಡ್ಡದು: ಕುಹಕ, ಕುಚೋದ್ಯ, ಲೇವಡಿ, ಗೇಲಿ, ಅಣಕ, ಹೀಯಾಳಿಕೆ, ಮೂದಲಿಕೆ, ಚುಚ್ಚುಮಾತು, ಕೊಸರು, ಕ್ಯಾತೆ, ತಕರಾರು, ಚಾಡಿ, ಗುಲ್ಲು, ಗಾಳಿಮಾತು, ತಲೆಹರಟೆ. ಇವನ್ನು ಸಾಲಾಗಿ ನಿಲ್ಲಿಸಿ ಲಕ್ಷಣ ಹೇಳುತ್ತ ಹೋದರೆ ಓದುಗರು ಎದ್ದು ಹೋಗುತ್ತಾರೆ. ಅದಕ್ಕೆ ಇವುಗಳ ಕ್ರಿಯಾಪದಗಳನ್ನು ನೋಡುವುದು ಲೇಸು. ನಾಯಿಯ ಜಾತಿ ಮೂತಿಯಲ್ಲಿ ತಿಳಿಯದಿದ್ದರೆ ನಡಿಗೆಯಲ್ಲಿ ತಿಳಿಯುತ್ತದೆ.

ಕೊಂಕನ್ನು ಯಾರೂ ‘ಮಾಡು’ವುದಿಲ್ಲ, ‘ತೆಗೆ’ಯುತ್ತಾರೆ. ಕ್ಯಾತೆ ತೆಗೆಯುತ್ತಾರೆ, ತಕರಾರು ತೆಗೆಯುತ್ತಾರೆ, ಖುಸ್ಪಟ್ಟೆಯನ್ನೂ ತೆಗೆಯುತ್ತಾರೆ. ಇದರ ತಾತ್ಪರ್ಯ ಏನು? ಕೊಂಕು ಮೊದಲೇ ಹುಳಿಯಲ್ಲಿತ್ತು. ಅತ್ತೆ ಅದನ್ನು ಕೋಲಾರದ ಗಣಿಯಿಂದ ಚಿನ್ನ ತೆಗೆದಂತೆ ಹೊರಗೆ ತೆಗೆದರು, ಅಷ್ಟೆ. ಹೊಣೆ ಹುಳಿಯದು. ಆದರೆ ಬತ್ತಿಯನ್ನು ‘ಇಡು’ತ್ತಾರೆ. ಅದು ಮೊದಲು ಅಲ್ಲಿರಲಿಲ್ಲ, ಹೊರಗಿಂದ ತಂದದ್ದು. ಇಟ್ಟವರು ಮನೆ ಸೇರಿ, ಕಾಲು ತೊಳೆದು, ಕಾಫಿ ಕುಡಿದಾದ ಮೇಲೆ ಹೊತ್ತಿಕೊಳ್ಳುತ್ತದೆ. ಫಿಟ್ಟಿಂಗೂ ಇಡುವಂಥದ್ದೇ. ಒಗ್ಗರಣೆ ‘ಹಾಕು’ತ್ತಾರೆ: ಇಬ್ಬರು ಮಾತಾಡುವಾಗ ಮೂರನೆಯವರು ಚಟಪಟ ಅನ್ನಿಸುವುದು. ಅದರಿಂದ ಅಡುಗೆ ಬೇಯುವುದಿಲ್ಲ, ಬರಿ ಘಮ್ಮೆನ್ನುತ್ತದೆ. ಗುಲ್ಲನ್ನು ‘ಎಬ್ಬಿಸು’ತ್ತಾರೆ, ಅಂದರೆ ಅದು ಊರಲ್ಲಿ ಸದಾ ಇದ್ದು ನಿದ್ದೆಯಲ್ಲಿರುತ್ತದೆ. ಬಡಾಯಿಯನ್ನು ‘ಕೊಚ್ಚು’ತ್ತಾರೆ, ಹರಟೆಯನ್ನೂ ಕೊಚ್ಚುತ್ತಾರೆ, ಹುರುಳಿಕಾಯಿಯನ್ನೂ ಕೊಚ್ಚುತ್ತಾರೆ, ಮೂರನ್ನೂ ಒಟ್ಟಿಗೆ ಮಾಡುವುದು ಮದುವೆಯ ಹಿಂದಿನ ರಾತ್ರಿ. ರೈಲು ‘ಬಿಡು’ತ್ತಾರೆ. ಇಂಗ್ಲಿಷಿನಿಂದ ಬಂದ ಕಾಮೆಂಟನ್ನು ನಾವು ‘ಹೊಡೆಯು’ತ್ತೇವೆ, ಡೈಲಾಗನ್ನೂ ಹೊಡೆಯುತ್ತೇವೆ. ಹೊಸಬ ಊರಿಗೆ ಬಂದರೆ ಮೊದಲು ಹೊಡೆತವೇ.

‘ಆಡು’ ಎಂಬ ಧಾತುವಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕನ್ನಡದಲ್ಲಿ ಮಾತನ್ನೂ ಆಡುತ್ತಾರೆ, ಚೌಕಾಬಾರವನ್ನೂ ಆಡುತ್ತಾರೆ, ಎರಡರಲ್ಲೂ ಗೆಲ್ಲಬೇಕು. ಅದಕ್ಕೆ ‘ಕೊಳ್ಳು’ ಸೇರಿತೆಂದರೆ ಸಂಗತಿಯೇ ಬೇರೆ. ಬೇರೆ ಕಡೆ ‘ಕೊಳ್ಳು’ ಸೇರಿದರೆ ಫಲ ತನಗೇ: ಮಾಡಿಕೊಂಡ, ಕಟ್ಟಿಕೊಂಡ. ‘ಆಡಿಕೊಂಡ’ ಎಂಬಲ್ಲಿ ಫಲ ಪೂರ್ತಿ ಇನ್ನೊಬ್ಬರ ಪಾಲಿಗೆ. ‘ಅಂದುಕೊಂಡ’ ಎಂದರೆ ಬಾಯಿ ಬಿಡಲೇ ಇಲ್ಲ, ಮನಸ್ಸಿನಲ್ಲೇ ಉಳಿಯಿತು. ‘ಅನ್ನಿಸಿಕೊಂಡ’ ಎಂದರೆ ದುಡ್ಡು ಕೊಡದೆ ಕೊಂಡು ತಂದದ್ದು; ಮನೆಗೆ ಬಂದು ಹೆಂಡತಿಯ ಮುಂದೆ ಅದನ್ನು ‘ಹೇಳಿಕೊಂಡ’. ಆಕೆ "ನೀವ್ಯಾಕೆ ಸುಮ್ಮನಿದ್ರಿ?" ಅಂದಾಗ ಇನ್ನೊಮ್ಮೆ ಅನ್ನಿಸಿಕೊಂಡ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯಲ್ಲಿರುವ ‘ಆಡು’ ಕುರಿಯ ಸೋದರಿಯೋ ಕ್ರಿಯಾಪದವೋ ಎಂಬ ಬಗ್ಗೆ ನನಗೆ ಈಚೆಗೆ ಅನುಮಾನ ಹುಟ್ಟಿದೆ.

ಮಾತಿಲ್ಲದ ಮಾತಿನದೂ ಒಂದು ಪ್ರಕರಣವಿದೆ. ಪಿಸುಗುಟ್ಟು, ಗೊಣಗುಟ್ಟು, ವಟಗುಟ್ಟು, ಲೊಚಗುಟ್ಟು: ಅನುಕರಣಾವ್ಯಯಕ್ಕೆ ‘ಗುಟ್ಟು’ ಹತ್ತಿಸಿದರೆ ಕ್ರಿಯಾಪದ ಸಿದ್ಧ. ಪಿಸುಗುಟ್ಟಿದ್ದು ಮರುದಿನ ಊರಿಗೆಲ್ಲ ಗೊತ್ತಿರುವುದರಿಂದ ಇಲ್ಲಿಯ ಗುಟ್ಟಿಗೂ ರಹಸ್ಯಕ್ಕೂ ನಂಟಿಲ್ಲವೆಂದೇ ತಿಳಿಯಬೇಕು. ಇವುಗಳಲ್ಲಿ ಶ್ರೇಷ್ಠವಾದದ್ದು ಲೊಚಗುಟ್ಟುವುದು. ನಾಲಗೆಯನ್ನು ಅಂಗಳಕ್ಕೆ ತಾಗಿಸಿ ಕೀಳಬೇಕು, ಎರಡು ಸಲ, ಮೂರಾದರೆ ಹಲ್ಲಿಯಾಗುತ್ತದೆ. ಒಂದು ಸ್ವರವಿಲ್ಲ, ವ್ಯಂಜನವಿಲ್ಲ, ಕೇಶಿರಾಜನಿಗೆ ಹಿಡಿಯಲು ಅಕ್ಷರವೇ ಇಲ್ಲ. ಹೊಸ ಮನೆಯ ಗೃಹಪ್ರವೇಶದಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬರು ಲೊಚಗುಟ್ಟಿದರೆ ಸಾಕು, ಯಜಮಾನ ಮೇಸ್ತ್ರಿಯನ್ನು ಕರೆದು ಕಿಟಕಿ ಒಡೆಸುತ್ತಾನೆ. ಇದಕ್ಕೂ ಒಂದು ಕೈ ಮೇಲೆಂದರೆ ಮೂಗು ಮುರಿಯುವುದು. ಅದರಲ್ಲಿ ಶಬ್ದವೂ ಇಲ್ಲ. ಮೂಗು ಮುರಿದದ್ದು ಇವರದು, ನೋವು ಅವರಿಗೆ.

ಶಾಸ್ತ್ರಕ್ಕೆ ಪುರಾಣದ ಬೆಂಬಲ ಬೇಕೆನ್ನುವವರಿಗೆ ಶಲ್ಯನನ್ನು ತೋರಿಸುತ್ತೇನೆ. ಈ ವಿದ್ಯೆಯ ಕುಲದೈವ ಅವನೇ. ಮಂಥರೆಯನ್ನು ಹಲವರು ಸೂಚಿಸುತ್ತಾರೆ. ಆಕೆಯದು ನೇರ ಚಾಡಿ, ಕಿವಿ ಊದುವ ಕಸಬು, ಕೊಂಕಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಭೀಮ ದಡದಲ್ಲಿ ನಿಂತು ಮೂದಲಿಸಿದ್ದಕ್ಕೆ ವೈಶಂಪಾಯನ ಸರೋವರದೊಳಗಿದ್ದ ದುರ್ಯೋಧನ ನೀರಿನಲ್ಲೇ ಬೆವೆತ. ಮೂದಲಿಕೆಯ ಉಷ್ಣತೆಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆದರೂ ಮೂದಲಿಕೆ ಎದುರಾಎದುರು ನಿಂತು ಆಡುವಂಥದ್ದು, ಕೂಗಬೇಕು, ಗಂಟಲು ಬೇಕು. ಶಲ್ಯನದು ಬೇರೆ ಮಟ್ಟ. ಕರ್ಣನ ತೇಜಸ್ಸನ್ನು ಕುಂದಿಸಿಕೊಡಬೇಕೆಂದು ಧರ್ಮರಾಯ ಅವನಿಂದ ಮೊದಲೇ ಮಾತು ತೆಗೆದುಕೊಂಡಿದ್ದ. ಪತ್ರಿಕೆಗಳಲ್ಲಿ ದಿನವೂ ಕಾಣುವ ‘ತೇಜೋವಧೆ’ ಆ ಸಂದರ್ಭದ ಪದವೇ. ಸಾರಥಿಯಾಗಲು ಒಪ್ಪುವಾಗ ಶಲ್ಯ ಒಂದು ಷರತ್ತು ಹಾಕಿದ: ರಥದ ಮೇಲೆ ಕೂತು ತನಗೆ ತೋಚಿದ್ದನ್ನು ಆಡುವುದಕ್ಕೆ ಯಾರ ಅಡ್ಡಿಯೂ ಇರಬಾರದು. ವಾಕ್‌ಸ್ವಾತಂತ್ರ್ಯಕ್ಕಾಗಿ ಇಷ್ಟು ಮುಂದಾಲೋಚನೆಯಿಂದ ಕರಾರು ಮಾಡಿಕೊಂಡವರು ಇನ್ನೊಬ್ಬರಿಲ್ಲ. ಆಮೇಲೆ ರಥ ಹೊಡೆಯುತ್ತಲೇ ಹಂಸದೊಡನೆ ಪಂದ್ಯ ಕಟ್ಟಿ ಸಮುದ್ರದ ಮೇಲೆ ಹಾರಹೊರಟ ಕಾಗೆಯ ಕಥೆ ಹೇಳಿದ. ಕಾಗೆ ಯಾರೆಂದು ಕರ್ಣನಿಗೆ ತಿಳಿಯದೇ ಇರಲಿಲ್ಲ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಶಲ್ಯನ ಪಾತ್ರಕ್ಕೆ ಕೂತ ರಾತ್ರಿ ಕೇಳಬೇಕು. ಕರ್ಣನ ಅರ್ಥ ಹೇಳುವವನಿಗೆ ನಿಜವಾಗಿಯೇ ಬೆವರು ಬರುತ್ತದೆ.

ಪ್ರಾದೇಶಿಕ ಭೇದಗಳನ್ನು ಬೇಗ ಮುಗಿಸುತ್ತೇನೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹರಟೆಗೆ ಪಟ್ಟಾಂಗವೆಂದು ಹೆಸರು. ಅಲ್ಲಿ ಮಳೆ ಜಾಸ್ತಿ, ಜಗುಲಿ ಅಗಲ, ಆದ್ದರಿಂದ ಪಟ್ಟಾಂಗ ಉದ್ದ. ಧಾರವಾಡದ ಕಡೆ "ಚಾಷ್ಟಿ ಮಾಡಬ್ಯಾಡ" ಎಂದು ಮುಖಕ್ಕೇ ಹೇಳಿಬಿಡುತ್ತಾರೆ. ಅಷ್ಟು ನೇರವಾದ ಜನರ ನಡುವೆ ನನ್ನ ಸಂಶೋಧನೆಗೆ ಸಾಮಗ್ರಿ ಕಡಿಮೆ. ಹಳೇ ಮೈಸೂರಿನವರು ನಾವು, ಎದುರಿಗೆ ‘ಬನ್ನಿ, ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ’ ಎಂದು, ಗೇಟು ಹಾಕಿಕೊಂಡ ಮೇಲೆ ಶಾಸ್ತ್ರ ಶುರು ಮಾಡುವವರು.

ಗ್ರಂಥ ಇಲ್ಲಿಗೆ ಮುಗಿಯಿತೆಂದು ಅಂದುಕೊಂಡು, ವಕ್ತೃವಿಗೆ ಒಂದು ಪ್ರತಿ ಒಪ್ಪಿಸುವುದು ಧರ್ಮವೆಂದು, ಕಳೆದ ಭಾನುವಾರ ಹಸ್ತಪ್ರತಿ ಹಿಡಿದು ಸೋದರತ್ತೆಯ ಮನೆಗೆ ಹೋದೆ. ಅವರು ಅವರೆಕಾಳು ಹಿಸುಕುತ್ತ ಕೂತಿದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಮೊದಲ ಪುಟ ಓದಿದರು. ಹುಳಿಯ ಪ್ರಕರಣ ಬಂದಾಗ ಎರಡು ಸಲ ಓದಿದರು. ನಗಲಿಲ್ಲ. ನಾನು ತಡೆಯಲಾರದೆ, "ಹೇಗಿದೆ ಅತ್ತೆ?" ಎಂದೆ.

ಅವರು ಹಾಳೆಗಳನ್ನು ಅಂಚು ಸೇರಿಸಿ, ಮಡಚದೆ, ನನ್ನ ಕೈಗೇ ಹಿಂದಕ್ಕೆ ಕೊಟ್ಟು, ಮತ್ತೆ ಅವರೆಕಾಳಿಗೆ ಕೈ ಹಾಕಿದರು.

"ನಿನ್ನ ಅಕ್ಷರ ಮಾತ್ರ ತುಂಬ ದುಂಡಗಿದೆ ಕಣೋ."

ಮನೆಗೆ ಬಂದು ಹುಡುಕಿದೆ. ಸಾರಿನ ಪ್ರಕರಣದಲ್ಲಿ ಏಕಾರ ಇತ್ತು, ‘ಏನೋ’ ಇತ್ತು, ‘ಆದರೂ’ ಇತ್ತು, ‘ಅಂತೆ’ ಇತ್ತು, ‘ಬಿಡಿ’ ಇತ್ತು, ‘ಪಾಪ’ ಇತ್ತು. ‘ಮಾತ್ರ’ ಬಿಟ್ಟುಹೋಗಿತ್ತು.